ನೀಲಿ ಚೌಕಳಿ ಶರ್ಟು

ಭಾನುವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಸಿಡುಕಿ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಪತ್ರ ಸಿಕ್ಕಿತು. ಓದಿ ಸಿಟ್ಟು ಬಂತು. ಮಡಚಿ ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟು, ಅದೇ ಸಿಟ್ಟಿನಲ್ಲಿ ಎರಡು ಪ್ಯಾಂಟು ಮೊಟಕು ಮಾಡಿದೆ. ಒಂದು ತುಸು ಹೆಚ್ಚೇ ಮೊಟಕಾಯಿತು. ಗಿರಾಕಿ ಬಂದು ಬೈದರೆ ಆ ಬೈಗುಳ ನಿನ್ನ ಪಾಲಿಗೆ.

ಫೋನಿನಲ್ಲಿ ಮಾತು ಬೇಡ, ಅದಕ್ಕೆ ಈಗ ಯಾರ್ಯಾರದೋ ಕಿವಿ ಇರಬಹುದು ಎಂದು ನಿನ್ನ ತಮ್ಮನ ವಕೀಲೆ ಎಚ್ಚರಿಸಿದ್ದಾಳೆ. ಅದಕ್ಕೇ ಗುಂಡಿ, ಜಿಪ್ಪು ಮಾರುವ ನಮ್ಮ ವ್ಯಾಪಾರಿಯ ಕೈಯಲ್ಲಿ ಈ ಪೊಟ್ಟಣ ಕಳಿಸುತ್ತಿದ್ದೇನೆ. ನಾಲ್ಕೂ ಕಡೆ ಹೊಲಿದಿದ್ದೇನೆ, ದಾರ ಕತ್ತರಿಸದೆ ಅದು ಬಿಚ್ಚುವುದಿಲ್ಲ. ಮೊದಲು ಇದನ್ನು ಓದು, ಅಡಿಯಲ್ಲಿರುವ ಬಟ್ಟೆ ಆಮೇಲೆ.

ಪೇಪರಿನಲ್ಲಿ ಪ್ರಕಟಣೆ ಕೊಟ್ಟು ತಮ್ಮನಿಗೂ ನಮಗೂ ಸಂಬಂಧವಿಲ್ಲ ಎಂದು ಹೇಳು, ಅಂಗಡಿ ಮುಚ್ಚಿ ನನ್ನಲ್ಲಿಗೆ ಬಂದುಬಿಡು, ನಾಳಿದ್ದು ಕೋರ್ಟಿನಲ್ಲಿ ಮಾತ್ರ ಬಾಯಿ ಬಿಡಬೇಡ ಎಂದು ಬರೆದಿದ್ದೀಯ. ಪೊಲೀಸರಿಗೆ ಹೇಗೆ ಸಿಕ್ಕಿದರೇನು, ಸಿಕ್ಕಿದನಲ್ಲ ಎಂದೂ ಬರೆದಿದ್ದೀಯ. ಅವನೇನಾದರೂ ನನ್ನ ಮನೆಗೆ ಬಂದಿದ್ದರೆ ಮುಖದ ಮೇಲೆ ಬಾಗಿಲು ಹಾಕುತ್ತಿದ್ದೆ ಎಂಬ ಮಾತಿಗೆ ಅಡಿಗೆರೆ ಬೇರೆ ಎಳೆದಿದ್ದೀಯ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನಗೇ ಗಾದೆ ಹೇಳಿದ್ದೀಯ. ಆ ಗಾದೆ ನಿನಗೆ ಕಲಿಸಿದವಳೇ ನಾನು ಮಗಳೇ. ನಾಳಿದ್ದು ನಾನು ಬಾಯಿ ಬಿಡುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಮುಂದಿನದನ್ನು ಸಮಾಧಾನವಾಗಿ ಓದು.

ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ಜಡ್ಜರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಮೊದಲಿನಿಂದ ಹೇಳುವ ಅಭ್ಯಾಸ ಮಾಡಿ ಎಂದು ವಕೀಲೆ ಹೇಳಿದ್ದಾಳೆ. ಅಭ್ಯಾಸ ನಿನ್ನ ಮೇಲೆ ಮಾಡುತ್ತಿದ್ದೇನೆ.

ನಿನ್ನ ತಮ್ಮ ದುಡಿಯುವ ಮುದ್ರಣಾಲಯದ ಯಜಮಾನರು ಸಾಯುವ ಹಿಂದಿನ ದಿನ ಅವನು ಅವರೊಂದಿಗೆ ಎಲ್ಲರೆದುರು ಜಗಳವಾಡಿದ್ದು ನಿಜ. ಜೊತೆಗೆ ದುಡಿಯುವವನೊಬ್ಬನ ಬೆರಳು ಯಂತ್ರಕ್ಕೆ ಸಿಕ್ಕಿತ್ತು, ಯಜಮಾನರು ಅವನನ್ನು ಕೆಲಸದಿಂದ ತೆಗೆದುಹಾಕಿದ್ದರು. ಇಂಥವರು ಬದುಕಿರಬಾರದು ಎಂದು ನಿನ್ನ ತಮ್ಮ ಕೂಗಿದ್ದೂ ನಿಜ. ಮರುದಿನ ಬೆಳಿಗ್ಗೆ ಅವರು ಕಾಗದದ ಗೋದಾಮಿನಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಕೂಗಿದವನನ್ನು ಪೊಲೀಸರು ಹಿಡಿದರು. ಅಲ್ಲಿಯವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ಪೊಲೀಸರು ತಪಾಸಣೆಗೆ ಕರೆದೊಯ್ದ ಆಸ್ಪತ್ರೆಯಿಂದ ಅವನು ತಪ್ಪಿಸಿಕೊಂಡ. ಊರಿಗೆ ಊರೇ ಪತ್ತೇದಾರ ಆಯಿತು. ಬೇಡಿಗೆ ಸಾಬೂನು ಹಚ್ಚಿ ಕೈ ಜಾರಿಸಿಕೊಂಡ ಎಂದಳು ಬೇಕರಿಯವಳು. ಮೂರನೇ ಮಹಡಿಯಿಂದ ನೀರಿನ ಪೈಪು ಹಿಡಿದು ಇಳಿದ ಎಂದು ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಇಳಿದು ತೋರಿಸಿದನಂತೆ. ಎದುರುಮನೆಯ ನಿವೃತ್ತ ಮೇಷ್ಟ್ರು ತಮ್ಮ ಕಥೆಯಲ್ಲಿ ನಂಬರ್ ಪ್ಲೇಟಿಲ್ಲದ ಕಾರನ್ನು ತಂದು ನಿಲ್ಲಿಸಿದರು. ಹೆಂಗಸಿನ ವೇಷ ಹಾಕಿ ಹೋದ, ಆ ಉಡುಪು ಹೊಲಿದುಕೊಟ್ಟವಳು ತಾಯಿಯೇ ಎಂಬ ಮಾತೂ ಹುಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರ ನಡುವೆ ದರ್ಜಿಗೆ ಏನು ಕೆಲಸ ಹೇಳು.

ನನ್ನ ಅಂಗಡಿಗೆ ಮಾತ್ರ ಗಿರಾಕಿಗಳ ಜಾತ್ರೆ. ಸರಿಯಾಗಿಯೇ ಇದ್ದ ಕೋಟು ತಂದು, “ತೋಳು ಸ್ವಲ್ಪ ಉದ್ದ ಆಯ್ತು ಅನ್ಸಲ್ವಾ?” ಎಂದು ಕೇಳುತ್ತಾ, ಬಟ್ಟೆ ಹಾಕಿ ನೋಡುವ ಕೋಣೆಯ ಪರದೆಯನ್ನೇ ನೋಡುತ್ತಿದ್ದಳು ಒಬ್ಬಳು. ಪರದೆ ಸರಿಸಿ ತೋರಿಸಿದೆ. ಒಳಗಿದ್ದ ಕನ್ನಡಿಯಲ್ಲಿ ಅವಳೇ ಕಂಡಳು. ಕೋಟಿನ ತೋಳನ್ನು ಮೊಟಕು ಮಾಡಿಸಿಕೊಂಡೇ ಹೋದಳು ಪಾಪ, ಈಗ ಮಣಿಕಟ್ಟು ಹೊರಗೆ ಕಾಣುತ್ತದೆ. ಅಷ್ಟು ದಿನವೂ ನಾನೇ ಅವನನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ ಎಂದು ಇಂದಿಗೂ ಆಡಿಕೊಳ್ಳುತ್ತಾರೆ. ಉಳಿದದ್ದಕ್ಕೆಲ್ಲ ಜಗಳವಾಡಿದ್ದೇನೆ, ಈ ಮಾತಿಗೆ ಮಾತ್ರ ಸುಮ್ಮನಿದ್ದೇನೆ. ಎಲ್ಲ ಸುಳ್ಳಿಗೂ ಉತ್ತರ ಕೊಡುತ್ತಾ ಕೂತರೆ ಹೊಲಿಯುವವರು ಯಾರು?

ನಡೆದದ್ದು ಇಷ್ಟು, ಆಮೇಲೆ ಠಾಣೆಗೆ ಹೋಗುವಾಗ ಅವನೇ ನನಗೆ ಬಸ್ಸಿನಲ್ಲಿ ಹೇಳಿದ್ದು. ರಕ್ತ ತೆಗೆಯಲು ಬೇಡಿ ಬಿಚ್ಚಿದ್ದರು. ಪೇದೆ ಅವನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ, “ಇಲ್ಲೇ ಕೂತಿರು, ಬಂದೆ” ಎಂದು ಚಹಾ ಕುಡಿಯಲು ಹೋದ. ಇವನು ಕೂತಿದ್ದ. ರೋಗಿಗಳನ್ನು ನೋಡಲು ಬಂದವರು ಹೊರಡುವ ಗಂಟೆ ಬಾರಿಸಿತು. ಎಲ್ಲರೂ ಎದ್ದರು, ಇವನೂ ಎದ್ದ. ಬಾಗಿಲ ಕಾವಲಿನವನು “ಬೇಗ ಬೇಗ ನಡೀರಿ” ಎಂದು ಬೆನ್ನು ತಟ್ಟಿ ಹೊರಗೆ ಕಳಿಸಿದ. ಸಾಬೂನೂ ಇಲ್ಲ, ಪೈಪೂ ಇಲ್ಲ. ಅವನು ಮಾಡಿದ್ದು ತಪ್ಪು. ಕೂತಿರು ಎಂದ ಮೇಲೆ ಕೂತಿರಬೇಕಿತ್ತು. ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಒಂದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಅದರ ಎಡಗಡೆ ಸಿಕ್ಕಿಕೊಳ್ಳುತ್ತದಲ್ಲ, ಅಲ್ಲೊಂದು ಕಾಲು ಬಂದು ಸರಿಯಾದ ಜಾಗಕ್ಕೆ ಒದ್ದಿತು. ಆ ಜಾಗ ಗೊತ್ತಿರುವುದು ನಮ್ಮ ಮೂವರಿಗೇ. ತಲೆಯೆತ್ತುವ ಮೊದಲೇ ಯಾರೆಂದು ಗೊತ್ತಾಯಿತು.

ಒಳಗೆ ಕೂರಿಸಿ, ನೀನು ಮಾಡಿದೆಯಾ ಎಂದು ಕೇಳಿದೆ. “ಇಲ್ಲಮ್ಮ” ಅಂದ. ಮತ್ತೆ ಓಡಿದ್ದು ಯಾಕೆ ಎಂದೆ. “ಹೆದರ್ಕೊಂಡೆ” ಅಂದ. ಇಷ್ಟು ದಿನ ಎಲ್ಲಿದ್ದೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಈ ವಾಕ್ಯವನ್ನು ವಕೀಲೆಯ ಮುಂದೆ ಹಲವು ಸಲ ಹೇಳಿದ್ದೇನೆ. ನಿಜವಾದ ವಾಕ್ಯ, ಅದಕ್ಕೇ ತೊದಲುವುದಿಲ್ಲ.

ಅವನು ಕೊಂದಿಲ್ಲ ಎಂದು ನಾನು ಆಣೆ ಇಡಲಾರೆ. ಆ ಗೋದಾಮಿನಲ್ಲಿ ನಾನಿರಲಿಲ್ಲ, ನೀನೂ ಇರಲಿಲ್ಲ, ಬೇಕರಿಯವಳೂ ಇರಲಿಲ್ಲ. ನನ್ನ ಮಗನನ್ನು ನಾನು ನಂಬುತ್ತೇನೆ, ಅದು ನನ್ನ ಪಾಡು. ಕೊಂದಿದ್ದರೆ ಶಿಕ್ಷೆಯಾಗಲಿ. ಎದೆ ಬಡಿದುಕೊಂಡು ಅಳುತ್ತೇನೆ, ಅಡ್ಡ ಬರುವುದಿಲ್ಲ. ಆದರೆ ಪೊಲೀಸರ ಕಟ್ಟುಕಥೆಯಂತೆ, ತಾನು ಹಾರದ ಗೋಡೆಗೆ, ತಾನು ಹೊಡೆಯದ ಪೊಲೀಸರಿಗೆ ಅವನೇಕೆ ಜೈಲಿನಲ್ಲಿ ಕೊಳೆಯಬೇಕು?

ಮೈಮೇಲಿದ್ದ ಶರ್ಟು ಹರಿದಿತ್ತು, ಬಿಚ್ಚಿಸಿದೆ. ಗಿರಾಕಿಗಳು ಒಯ್ಯದೆ ಬಿಟ್ಟ ಬಟ್ಟೆಗಳ ಸಾಲಿನಿಂದ ನೀಲಿ ಚೌಕಳಿಯ ಶರ್ಟೊಂದನ್ನು ತೆಗೆದು, ಇಸ್ತ್ರಿ ಮಾಡಿ ತೊಡಿಸಿದೆ. ಅದು ಬ್ಯಾಂಡಿನಲ್ಲಿ ತುತ್ತೂರಿ ಊದುವ ದಢೂತಿಯದು. ಇವನಿಗೆ ದೊಗಳೆಯೋ ದೊಗಳೆ. ಟೀವಿಯವರು ಇವನನ್ನು ನೋಡಿ, ಕಾಡಿನಲ್ಲಿ ಅನ್ನವಿಲ್ಲದೆ ಸೊರಗಿದ ಆರೋಪಿ ಎಂದರು. ನಿಜ ಹೇಳಬೇಕೆಂದರೆ ಕೆನ್ನೆ ತುಂಬಿಕೊಂಡಿತ್ತು. ಎಲ್ಲೋ ಹೊತ್ತುಹೊತ್ತಿಗೆ ಉಂಡವನ ಮುಖ ಅದು.

ಅವನು ಶರಣಾಗಲೆಂದು ಸಿಟಿ ಬಸ್ಸು ಹತ್ತಿ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರ್ ಇರಲಿಲ್ಲ. ಮೇಜಿನ ಹಿಂದಿದ್ದ ಪೇದೆ ಊಟದ ಡಬ್ಬಿ ಬಿಚ್ಚುತ್ತಾ, “ಏನೇ ಇದ್ರೂ ಸಾಹೇಬ್ರು ಬರಲಿ, ಆ ಬೆಂಚ್ ಮೇಲೆ ಕೂತ್ಕೊಳ್ಳಿ” ಅಂದ. ಕೂತೆವು. ಬೆಂಚಿನ ಮೇಲ್ಗಡೆ ಗೋಡೆಗೆ ನಿನ್ನ ತಮ್ಮನ ಫೋಟೋ ಅಂಟಿಸಿದ್ದರು, ಕಂಡವರು ತಿಳಿಸಿ ಎಂದು. ಅದರ ಕೆಳಗೇ ಇವನು. ಪೇದೆ ತುತ್ತು ತುತ್ತಿಗೂ ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಡಬ್ಬಿಗೆ ಬಗ್ಗುತ್ತಿದ್ದ. ಕೊನೆಗೆ ಇವನೇ ತಡೆಯಲಾರದೆ ಎದ್ದು, “ಸಾರ್, ಅದು ನಾನೇ” ಎಂದು ಗೋಡೆ ತೋರಿಸಿದ. “ಕೂತ್ಕೊಳಪ್ಪ, ಊಟ ಮಾಡ್ತಿರೋದು ಕಾಣಲ್ವಾ?” ಎಂದು ಪೇದೆ ಗದರಿದ.

ನಗು ಬಂದರೆ ನಗು. ನನಗೂ ಬಂದಿತ್ತು.

ಇನ್ಸ್‌ಪೆಕ್ಟರ್ ಬಂದ ಮೇಲೆ ನಗು ನಿಂತಿತು. ಅವನನ್ನು ಒಳಗೆ ಕಳಿಸಿ ನನ್ನನ್ನು ಬಾಗಿಲ ಬಳಿ ಕರೆದು, “ನೀವು ಇಲ್ಲಿಗೆ ಬಂದೇ ಇಲ್ಲ, ತಿಳೀತಾ? ಬಂದೆ ಅಂದ್ರೆ, ಇಷ್ಟು ದಿನ ಬಚ್ಚಿಟ್ಟೋರು ಯಾರು ಅಂತ ನಾನು ಕೇಳಬೇಕಾಗುತ್ತೆ. ಬಚ್ಚಿಟ್ಟೋರಿಗೂ ಜೈಲೇ” ಅಂದರು. ಸುಳ್ಳೇಕೆ ಹೇಳಲಿ, ಆ ಹೊತ್ತಿಗೆ ಹೆದರಿ ಬಸ್ಸು ಹತ್ತಿ ಮನೆಗೆ ಬಂದೆ.

ಸಂಜೆ ಟೀವಿಯಲ್ಲಿ ಬಂತು: ಗೂಡ್ಸ್ ಶೆಡ್ಡಿನ ಹಿಂದೆ ಬೆನ್ನಟ್ಟಿ ಹಿಡಿದರಂತೆ, ಇವನು ಗೋಡೆ ಹಾರಿದನಂತೆ, ಇಬ್ಬರು ಪೊಲೀಸರಿಗೆ ಕಲ್ಲಿನಿಂದ ಹೊಡೆದನಂತೆ. ಶರ್ಟಿನ ಬೆನ್ನ ತುಂಬ ಮಣ್ಣು. ತೋಳಿನ ಮೇಲೆ ನಾನು ಹಾಕಿದ ಇಸ್ತ್ರಿಯ ಗೆರೆ ಮಾತ್ರ ಹಾಗೇ ನೆಟ್ಟಗಿತ್ತು. ಅಂಥ ಯಾವ ಗೋಡೆ ಹಾರಿದನೋ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಅವರ ಮೀಸೆ ಉಳಿಸಲು ನನ್ನ ಮಗನ ಬೆನ್ನಿಗೆ ಮಣ್ಣು ಮೆತ್ತಿದರು. ಆಗ ನಾನು ಅತ್ತೆ. ಅತ್ತು ಮುಗಿದ ಮೇಲೆ ಹೆದರಿಕೆಯೂ ಮುಗಿದಿತ್ತು.

ಮರುದಿನ ಊರು ಇನ್ನೊಂದು ಸುತ್ತು ಹೊರಟಿತು. ಹೊಸ ಶರ್ಟು ಎಲ್ಲಿಂದ ಬಂತು? ಯಾವುದೋ ತಂಡ ಕೊಟ್ಟಿತು ಎಂದರು, ಯಾವಳೋ ಕೊಟ್ಟಳು ಎಂದರು. ಆ ಹೊತ್ತಿಗೆ ಅಂಗಡಿಗೆ ನುಗ್ಗಿದ ತುತ್ತೂರಿ ದಢೂತಿ. “ಏನಮ್ಮಾ ಇದು, ನನ್ನ ಶರ್ಟು ಟೀವೀಲಿ ಬರ್ತಿದೆ! ಹೊಟ್ಟೆ ಇಳಿದ್ಮೇಲೆ ಒಯ್ತೀನಿ ಅಂತ ಮೊನ್ನೆ ತಾನೆ ಇಲ್ಲೇ ನೇತಾಡ್ತಿದ್ದಿದ್ದನ್ನ ನೋಡಿ ಹೋಗಿದ್ದೆ!” ಎಂದು ಕೂಗಾಡಿದ. ಕೊಲೆ ಆರೋಪಿಯ ಮೈಮೇಲೆ ತನ್ನ ಶರ್ಟು ಎಂದು ಮೊದಲು ಅವನಿಗೆ ಅವಮಾನವಾಯಿತು. ನಡೆದದ್ದನ್ನು ಹೇಳಿದೆ. ಕೂತು ಕೇಳಿದ. “ಹಾಗಾದ್ರೆ ನಾನೂ ಬಂದು ಹೇಳ್ತೀನಿ ಬಿಡಿ” ಎಂದ. ಈಗ ಚಹಾದಂಗಡಿಯಲ್ಲಿ ಅವನದೇ ದರ್ಬಾರು, ತನ್ನ ಶರ್ಟು ಸಾಕ್ಷಿ ಹೇಳಲಿದೆ ಎಂದು ಸಾರುತ್ತಿದ್ದಾನೆ. ಊದುವುದು ಅವನ ಕಸುಬು, ಊದಲಿ.

ಹಿಂದಿನ ದಿನ ನನ್ನ ಅಂಗಡಿಯಲ್ಲಿದ್ದ ಶರ್ಟು ನಿನ್ನ ತಮ್ಮನ ಮೈಮೇಲಿತ್ತು ಎಂದರೆ ಅವನು ಮೊದಲು ನನ್ನ ಬಳಿ ಬಂದಿದ್ದ ಎಂಬುದಕ್ಕೆ ಅದೇ ಆಧಾರ ಎಂದು ವಕೀಲೆಗೆ ಖುಷಿ. ಸರ್ಕಾರ ಕೊಟ್ಟ ವಕೀಲೆ, ಚಿಕ್ಕ ವಯಸ್ಸು, ಕಣ್ಣು ಸೂಜಿ. ಅವನು ತೊಟ್ಟು ಬಂದ ಹಳೆಯ ಶರ್ಟು ಎಲ್ಲಿ ಎಂದು ಅವಳು ಕೇಳಿದಳು. ಹರಿದಿತ್ತು, ಯಂತ್ರ ಒರೆಸಲು ಚಿಂದಿ ಮಾಡಿದೆ ಎಂದೆ. ಅದನ್ನು ಬರೆದುಕೊಳ್ಳದೆ ಬೇರೆ ಪ್ರಶ್ನೆಗೆ ಹೋದಳು. ಬಾಯಿ ಬಿಟ್ಟರೆ ಬಚ್ಚಿಟ್ಟ ಆರೋಪ ನನ್ನ ಮೇಲೆ ಬರಬಹುದು ಎಂದಳು. ಬರಲಿ ಎಂದೆ. ಅಟ್ಟ ಇದೆ, ತಾಯಿ ಇದ್ದಾಳೆ, ಊರೆಲ್ಲ ಆಗಲೇ ತೀರ್ಪು ಕೊಟ್ಟಾಗಿದೆ. ಅವರು ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ.

ಆದ್ದರಿಂದ ಪ್ರಕಟಣೆ ಕೊಡುವುದಿಲ್ಲ. ಹೊಟ್ಟೆಯಲ್ಲಿ ಹೊತ್ತದ್ದನ್ನು ಪೇಪರಿನಲ್ಲಿ ಇಳಿಸಲು ಬರುವುದಿಲ್ಲ. ಅಂಗಡಿಯನ್ನೂ ಮುಚ್ಚುವುದಿಲ್ಲ. ಮುಚ್ಚಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ನಾಳಿದ್ದು ಒಳ್ಳೆಯ ಸೀರೆ ಉಟ್ಟು, ಬಾಗಿಲ ಮುಂದೆ ಕ್ಯಾಮೆರಾ ಹಿಡಿದು ನಿಂತವರ ನಡುವೆ ತಲೆ ತಗ್ಗಿಸದೆ ಹೋಗುತ್ತೇನೆ. ನೀನು ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನೀನು ದೂರವಿರುವುದೇ ಒಳ್ಳೆಯದು.

ಮಕ್ಕಳಿಗೆ ಅಜ್ಜಿಯ ಮುತ್ತು. ಹೊಸ ಹಲ್ಲು ಬಂದವಳಿಗೆ ಎರಡು ಹೆಚ್ಚು. ಅಳಿಯಂದಿರು ಆ ದೂರದೂರಿನ ತರಬೇತಿ ಮುಗಿಸಿ ಈ ವಾರ ಬರುತ್ತಾರೆ ಎಂದಿದ್ದೆಯಲ್ಲ, ಬಂದರೆ ನಾನು ಕೇಳಿದೆ ಎಂದು ಹೇಳು.

ಯಾರಿಗೂ ಹೆದರದ,
ನಿನ್ನ ಅಮ್ಮ

ಮರೆತಿದ್ದೆ: ಅಡಿಯಲ್ಲಿರುವ ಬಿಳಿ ಶರ್ಟು ಅಳಿಯಂದಿರದು. ಅವರು ಬರುವ ಮೊದಲು ಇದ್ದ ಜಾಗದಲ್ಲೇ ಮಡಚಿಡು. ಹರಿದಿತ್ತು ಎಂದು ವಕೀಲೆಗೆ ಹೇಳಿದ್ದೂ ಸುಳ್ಳು, ಮೇಲೆ ನಿನಗೆ ಬರೆದದ್ದೂ ಸುಳ್ಳು. ಒಂದು ನೂಲೂ ಹರಿದಿರಲಿಲ್ಲ. ನಿನ್ನ ತಮ್ಮ ಶಟರಿನ ಕೆಳಗೆ ಬಗ್ಗಿ ಒಳಗೆ ಬರುವಾಗಲೇ ಕಾಲರ್ ಕಣ್ಣಿಗೆ ಬಿತ್ತು. ಸವೆದ ಕಾಲರನ್ನು ಬಿಚ್ಚಿ, ಮಗ್ಗುಲು ಬದಲಿಸಿ ಹೊಲಿಯುವುದನ್ನು ನಿನಗೆ ಕಲಿಸಿದವಳೂ ನಾನೇ. ಮೂಲೆಗೆ ಬಂದಾಗ ಸಾಲದು ಎಂದು ಹೊಲಿಗೆಯ ಮೇಲೆ ಹೊಲಿಗೆ ಹಾಕುವ ಚಟ ಮಾತ್ರ ನಿನ್ನೊಬ್ಬಳದೇ, ಎಷ್ಟು ಬೈದರೂ ಬಿಡಲಿಲ್ಲ. ಮುಖದ ಮೇಲೆ ಬಾಗಿಲು ಹಾಕುವವಳು ತಮ್ಮನಿಗೆ ವಾರವಿಡೀ ಅನ್ನ ಹಾಕಿ ಗಂಡನ ಶರ್ಟು ತೊಡಿಸಿ ಕಳಿಸುವುದಿಲ್ಲ. ಇದರಷ್ಟು ಹೆಮ್ಮೆ ನೀನು ಪದವಿ ತೆಗೆದುಕೊಂಡ ದಿನವೂ ನನಗೆ ಆಗಿರಲಿಲ್ಲ. ಪತ್ರವನ್ನು ಒಲೆಗೆ ಹಾಕು, ಶರ್ಟನ್ನು ಬೀರುವಿಗೆ. ಮೂಲೆಗಳನ್ನು ಪೂರ್ತಿ ಬಿಚ್ಚಿ ನನ್ನ ಕೈಯಿಂದ ಮತ್ತೆ ಹೊಲಿದಿದ್ದೇನೆ. ಯಾರಾದರೂ ಬಂದು ಕೇಳಿದರೆ ಧೈರ್ಯವಾಗಿ ಹೇಳು, ಈ ಕಾಲರ್ ನಮ್ಮಮ್ಮ ಹೊಲಿದದ್ದು ಎಂದು.