ಏರು ದಾರಿಯ ಬಸ್ಸು

ಭಾನುವಾರ, ಬೆಳಿಗ್ಗೆ
ಶೆಡ್ಡಿನಿಂದ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನಮ್ಮನೆಯವರಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅತ್ತಿಗೆಯ ಕೈಯಡುಗೆ ಉಂಡು ಯಾರೂ ಸೊರಗಿದ್ದಿಲ್ಲ.

ನಿಮ್ಮ ಕಾಗದ ಬಂತು. ಟ್ಯಾಂಕು, ಪಂಪು ಎಲ್ಲವನ್ನೂ ಕೊಳ್ಳುವವನೊಬ್ಬನನ್ನು ಹುಡುಕಿದ್ದೀರಂತೆ, ನಾನು ಹೂಂ ಅಂದರೆ ಸಾಕಂತೆ. ಈ ಶೆಡ್ಡೋ ನಾನೋ ಎಂದು ಕೇಳಿ ಹೊರಟವರು ನೀವು. ಈಗ ಟ್ಯಾಂಕಿನ ಮಟ್ಟಿಗೆ ಊಹೂಂ ಅನ್ನುತ್ತಿದ್ದೇನೆ. ಸಿಡುಕದೆ ಮುಂದೆ ಓದಿ.

ಕರಿದು ಬಿಟ್ಟ ಎಣ್ಣೆಯಿಂದ ಡೀಸೆಲ್ ಮಾಡಿ ಬಸ್ಸು ಓಡಿಸುತ್ತೇನೆಂದು ಹೊರಟವಳಿಗೆ ಎಣ್ಣೆಯೇ ಸಿಗದಂತಾಯಿತು, ನಿಜ. ನೀವು ಹೋದ ಮೇಲೆ ದೊಡ್ಡ ಕಂಪನಿಯವರು ಬಂದು ಹೆಚ್ಚು ಬೆಲೆಯ ಆಸೆ ತೋರಿಸಿ ಪೇಟೆಯ ಹೋಟೆಲುಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡರು. ಡ್ರಮ್ಮು ತುಂಬಿದೆ, ಬೇಗ ಬಾ ಎಂದು ದುಂಬಾಲು ಬೀಳುತ್ತಿದ್ದವರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಉಳಿದದ್ದು ಬೇಕರಿಯ ಎಣ್ಣೆ ಮಾತ್ರ. ಅದರಿಂದಲೇ ಡೀಸೆಲ್ ಮಾಡಿ ಬಸ್ಸಿಗೆ ಹಾಕಿದೆ. ಚಳಿಗೆ ಅದು ಫಿಲ್ಟರಿನಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕುಳಿತು, ಬಸ್ಸು ನಡು ಏರಿನಲ್ಲೇ ನಿಂತಿತು. ಜನ ಇಳಿದು ತಳ್ಳುವುದನ್ನು ನೀವು ಅಕ್ಕನ ಮನೆಯ ಮೆಟ್ಟಿಲ ಮೇಲಿಂದ ನೋಡಿದಿರಂತೆ. ಸಪಾಟಾದ ಪೇಟೆ ದಾರಿ ಬಿಟ್ಟು ಏರು ದಾರಿಯ ಬಸ್ಸಿಗೇ ಯಾಕೆ ಹಾಕಿದೆ, ಬುದ್ಧಿ ನೆಟ್ಟಗಿದೆಯಾ ಎಂದು ಬರೆದಿದ್ದೀರಿ. ಡ್ರೈವರೂ ಅದನ್ನೇ ಕೇಳಿದ್ದ. ಏರು ಹತ್ತಿಸಿದ ಎಣ್ಣೆ ಎಲ್ಲಿ ಬೇಕಾದರೂ ಓಡಿಸುತ್ತದೆ ಎಂದು ಅವನ ಬಾಯಿ ಮುಚ್ಚಿಸಿದೆ.

ಬಸ್ಸಿನ ಯಜಮಾನರು ಕೂಗಾಡಲಿಲ್ಲ. ಅದಕ್ಕೇ ಹೆದರಿಕೆಯಾಯಿತು. "ಇನ್ನೊಂದು ಸಲ ನೋಡ್ತೀನಮ್ಮ. ಮತ್ತೆ ನಿಂತ್ರೆ ನಿನ್ನ ಎಣ್ಣೆ ನನ್ನ ಗೇಟು ದಾಟೋ ಹಾಗಿಲ್ಲ," ಅಂದರು. ನಮಗೆ ಬೇರೆ ಗಿರಾಕಿ ಯಾರಿದ್ದಾರೆ? ಶೆಡ್ಡಿಗೆ ಬಂದು ಟ್ಯಾಂಕಿಗೆ ಒರಗಿ ಕುಳಿತು ಅತ್ತೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಮ್ಮ ಬಾಟಲಿಗಳ ಸಾಲು ಕಣ್ಣಿಗೆ ಬಿತ್ತು. ತಂದ ಪ್ರತಿ ಎಣ್ಣೆಯಲ್ಲೂ ಒಂದಿಷ್ಟು ಬಾಟಲಿಗೆ ಹಾಕಿಡುವ ನಿಮ್ಮ ಚಾಳಿಗೆ ನಾನೆಷ್ಟು ರೇಗಿದ್ದೇನೋ. ಪಕ್ಕದ ಮನೆಯಾಕೆ ಜೇನುತುಪ್ಪವೆಂದು ನೆಕ್ಕಿ ದಿನವೆಲ್ಲ ಬಾಯಿ ಮುಕ್ಕಳಿಸಿದ್ದು ನೆನಪಿದೆಯಲ್ಲ? ಅಂದಿನ ಚಳಿಗೆ ಬೇಕರಿ ಎಣ್ಣೆಯ ಬಾಟಲಿಯಲ್ಲಿ ತಳದಲ್ಲಿ ಬೆಳ್ಳಗೆ ಗಟ್ಟಿ, ಮೇಲೆ ಕನ್ನಡಿಯಂಥ ತಿಳಿ. ನೋಡುತ್ತ ನಿಂತವಳಿಗೆ ಥಟ್ಟನೆ ಹೊಳೆಯಿತು. ಅಂದಿನಿಂದ ಆ ಎಣ್ಣೆಯ ಡ್ರಮ್ಮುಗಳನ್ನು ಮೊದಲು ಅಂಗಳದ ಚಳಿಗೆ ಬಿಡುತ್ತೇನೆ. ಗಟ್ಟಿ ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಬಸಿದು ಡೀಸೆಲ್ ಮಾಡುತ್ತೇನೆ. ಗಟ್ಟಿಯನ್ನು ಸೋಪು ಮಾಡುವವರು ಒಯ್ಯುತ್ತಾರೆ.

ಈ ವಾರದ ಚಳಿ ನಿಮಗೂ ಗೊತ್ತು, ಮಾತಾಡಿದರೆ ಹಲ್ಲು ಕಟಕಟ ಅನ್ನುತ್ತಿತ್ತು. ಬಸ್ಸು ಒಂದು ದಿನವೂ ನಿಲ್ಲಲಿಲ್ಲ. ನಿನ್ನೆ ಯಜಮಾನರು ಇನ್ನೊಂದು ಬಸ್ಸಿಗೂ ಎಣ್ಣೆ ಕೇಳಿದರು. ಹೀಗೆ ಗಟ್ಟಿಯಾಗುವ ಎಣ್ಣೆ ಕಂಪನಿಯವರಿಗೆ ಬೇಡವಂತೆ. ಅವರು ಬೇಡವೆಂದದ್ದೇ ನನಗೆ ಸಾಕು, ಉಳಿದ ಬೇಕರಿಗಳನ್ನೂ ಮಾತಾಡಿಸಿ ಬಂದಿದ್ದೇನೆ. ಟ್ಯಾಂಕು ಕೊಳ್ಳಲು ಬರುವವನಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿ.

ನಿಮ್ಮ ಬಾಟಲಿಗಳನ್ನು ಒರೆಸಿ ಅಲ್ಲೇ ಇಟ್ಟಿದ್ದೇನೆ. ಹೊಸ ಎಣ್ಣೆ ಬಂದಾಗ ಈಗ ನಾನೇ ಒಂದು ಬಾಟಲಿ ತುಂಬಿ ಸಾಲಿಗೆ ಸೇರಿಸುತ್ತೇನೆ. ನಿಮ್ಮಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ಚೆಲ್ಲುತ್ತೇನೆ.

ಇಂತಿ,
ನೀವೇ ಹೆಸರಿಟ್ಟ ಹಠಮಾರಿ

ತಾ.ಕ.: ಡ್ರೈವರಿಗೆ ನಾನು ಹೇಳಿದ್ದು ಸುಳ್ಳು. ಯಜಮಾನರು ಪೇಟೆ ದಾರಿಯ ಬಸ್ಸನ್ನೇ ಕೊಡುತ್ತೇನೆ ಅಂದಿದ್ದರು. ಏರು ದಾರಿಯದೇ ಬೇಕೆಂದು ಕೇಳಿ ಪಡೆದವಳು ನಾನು. ಬೆಳಿಗ್ಗೆ ಬೆಳಿಗ್ಗೆ ಯಾರ ಮನೆ ಬಾಣಲೆಯ ವಾಸನೆಯಪ್ಪಾ ಇದು ಎಂದು ಅತ್ತಿಗೆ ಗೊಣಗುತ್ತಾರೆಂದು ಬರೆದಿದ್ದೀರಲ್ಲ, ಅದು ನಮ್ಮ ಎಣ್ಣೆಯ ಹೊಗೆ. ನೀವಿರುವ ಮನೆಯ ಮುಂದೆ ಹಾಯುವ ಬಸ್ಸು ಅದೊಂದೇ.