ತಾಮ್ರದ ಬಿಂದಿಗೆಯ ನೀರು

ಪ್ರಭು,

ನೀನು ತೀರಿಕೊಂಡು ಮೂರು ತಿಂಗಳಾಯಿತು. ಓದುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಕೊಟ್ಟ ಜೀವಂತ ಹವಳ ಇವತ್ತು ಬೆಳಿಗ್ಗೆ ಅರಳಿದೆ.

ನನ್ನ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಅದು ಮುದುಡಲು ಶುರುವಾದಾಗ ನಿಮ್ಮ ಮನೆಗೇ ಬಂದು, ನಿನ್ನ ಹೆಂಡತಿ ಪುಷ್ಪಮ್ಮನ ಎದುರಿಗೆ, "ರೋಗದ ಮಾಲ್ ತಂದ್ ಕಟ್ಬುಟ್ಟೆ ಕಣ್ಲಾ" ಅಂದಿದ್ದೆ. ನೀನು "ಮೊದ್ಲು ನೀರ್ ನೋಡೋಗ್ಲಾ" ಅಂದು ಎದ್ದು ಒಳಗೆ ಹೋದೆ. ನಾನು ಉಪ್ಪು, ಬಿಸಿ, ಬೆಳಕು ಅಳೆದೆ. ಎಲ್ಲ ಸರಿಯಾಗಿತ್ತು. ತಪ್ಪು ನಿನ್ನದೇ ಎಂದುಕೊಂಡೆ.

ಹೋದ ತಿಂಗಳು ಮಗ್ಗದಿಂದ ಎದ್ದು ಬಂದಾಗ ಅವ್ವ ತೊಟ್ಟಿಗೆ ನೀರು ಹಾಕುತ್ತಿದ್ದರು. ಆವಿಯಾದಷ್ಟು ಫಿಲ್ಟರ್ ನೀರು ಸೇರಿಸುವುದು ಅವರ ಕೆಲಸ. ನಾವು ಕುಡಿಯುವ ನೀರಿನಂತೆ ಅದನ್ನೂ ತಾಮ್ರದ ಬಿಂದಿಗೆಯಲ್ಲಿ ಹಿಡಿದಿಟ್ಟಿದ್ದರು. ಹವಳಕ್ಕೆ ತಾಮ್ರ ವಿಷ.

"ಮನುಷ್ರಿಗೆ ಒಳ್ಳೇದು, ಈ ಕಲ್ಲಿನ ಊವಿಗೆ ವಿಷ್ವಾ? ಬೋ ನಾಜೂಕು ಕಣ್ಲಾ ನಿನ್ ಊವು" ಎಂದು ಅವ್ವ ನಕ್ಕರು.

ಪ್ಲಾಸ್ಟಿಕ್ ಕ್ಯಾನ್ ತಂದೆ. ವಾರಕ್ಕೆರಡು ಸಲ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಬದಲಿಸಿದೆ, ತಾಮ್ರ ಹೀರಿಕೊಳ್ಳಲೆಂದು ಫಿಲ್ಟರಿಗೆ ಇದ್ದಿಲಿನ ಚೀಲ ಹಾಕಿದೆ. ಹವಳ ಅರ್ಧ ಸತ್ತೇಹೋಗಿತ್ತು. ಉಳಿದರ್ಧದಲ್ಲಿ ಈಗ ಎಳೆಗಳೆಲ್ಲ ಹೊರಬಂದು ನೀರಿನಲ್ಲಿ ಆಡುತ್ತಿವೆ, ಬುಡದಿಂದ ಹಸಿರು ಮರಳುತ್ತಿದೆ. ಇನ್ನು ಅದು ಬದುಕುತ್ತದೆ, ಅನುಮಾನವಿಲ್ಲ.

ಬಂಡಳ್ಳಿಯ ನಿಮ್ಮ ಮನೆಯಲ್ಲಿ ನಿನ್ನ ತೊಟ್ಟಿಯ ಪಂಪನ್ನು ಪುಷ್ಪಮ್ಮ ಇನ್ನೂ ನಿಲ್ಲಿಸಿಲ್ಲವಂತೆ. ಹವಳ ಗಟ್ಟಿಯಾದ ಮೇಲೆ ಒಂದು ಚೂರು ಕತ್ತರಿಸಿ ಅಲ್ಲಿಗೆ ಒಯ್ಯುತ್ತೇನೆ. ಬಿಂದಿಗೆಯ ವಿಷಯವನ್ನು ಅವರ ಎದುರಿಗೇ ಹೇಳುತ್ತೇನೆ. ನೀರು ನೋಡು ಎಂದು ನೀನು ಹೇಳಿದ್ದು ಅವರಿಗೂ ಕೇಳಿಸಿತ್ತು.