ಬಾಗಿಲ ಬಳಿಯ ಮೇಜು

ಮನೆಯಿಂದ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ, ಬೆಳಗಿನ ಹತ್ತು ಗಂಟೆ

ಅಕ್ಕರೆಯ ತಂಗೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗೋದಾಮಿನ ಕೆಲಸವೆಂದರೆ ಎತ್ತುವುದು, ಇಳಿಸುವುದು ಇದ್ದದ್ದೇ. ಪುಸ್ತಕದ ಪೆಟ್ಟಿಗೆ ಎತ್ತುವಾಗ ಸೊಂಟ ಬಗ್ಗಿಸಬಾರದಂತೆ, ಮಂಡಿ ಬಗ್ಗಿಸಬೇಕಂತೆ. ಔಷಧಿ ಅಂಗಡಿಯ ಗುಳಿಗೆ ಮಾವ ಹೇಳಿದರು. ಯಾರಿಗೆ ಬೆನ್ನುನೋವು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಲಾಮು ಮಾತ್ರ ಎರಡು ಟ್ಯೂಬು ಕೊಟ್ಟರು. ಹಾಸ್ಟೆಲಿನ ಊಟಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ ಎಂದು ನಿನ್ನ ಅತ್ತಿಗೆಗೆ ಫೋನಿನಲ್ಲಿ ಹೇಳಿದೆಯಂತೆ. ಅವಳು ನನ್ನ ಕೈಗೆ ಫೋನು ಕೊಡುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಅದಕ್ಕೇ ಈ ಕಾಗದ. ಅರ್ಧಕ್ಕೆ ಮಡಿಚಿಟ್ಟರೂ ಕಾಗದ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆಗೆ ಮಾತು ಕಮ್ಮಿಯಾಗಿದೆ, ಪಾತ್ರೆಗಳ ಮಾತು ಜಾಸ್ತಿಯಾಗಿದೆ. ನಮ್ಮ ಚೋಟಿ ದಿನಕ್ಕೊಮ್ಮೆ ‘ಅತ್ತೆ ಯಾವಾಗ ಬರ್ತಾರೆ’ ಎಂದು ಕೇಳುತ್ತಾಳೆ. ಅಮ್ಮನನ್ನು ಕೇಳು ಎಂದೆ. ‘ಅಮ್ಮ ನಿನ್ನನ್ನ ಕೇಳು ಅಂತಾಳೆ. ನಾನೇನು ನಿಮ್ಮಿಬ್ಬರ ಮಧ್ಯೆ ಚೆಂಡಾ?’ ಎಂದಳು. ಒಂಬತ್ತು ವರ್ಷಕ್ಕೆ ಈ ನಾಲಿಗೆ. ನಿನ್ನ ಹತ್ತಿರ ಮಲಗಿ ಕಥೆ ಕೇಳಿದ್ದರ ಫಲ ಎಂದು ಹಿಂದಾದರೆ ಹೇಳುತ್ತಿದ್ದೆ. ಪ್ರೆಸ್ಸಿನಲ್ಲಿ ನನ್ನ ಕೆಲಸ ಹಾಗೇ ಇದೆ, ಬೇರೆಯವರ ಕರಡು ತಿದ್ದುವುದು. ನಿನ್ನೆ ಒಂದು ಶಾಲೆಯ ಪಠ್ಯದಲ್ಲಿ ‘ಹಿರಿಯರನ್ನು ಗೌರವಿಸಬೇಡಿ’ ಎಂದು ಅಚ್ಚಾಗುವುದರಲ್ಲಿತ್ತು. ತಡೆದೆ. ಈ ವರ್ಷ ಹಿರಿಯರಿಗೆ ನನ್ನಿಂದ ಆದ ಉಪಕಾರ ಅದೊಂದೇ.

ನಿನ್ನ ಮೂರು ಕಾರ್ಡುಗಳೂ ತಲುಪಿವೆ. ಮೂರರಲ್ಲೂ ಒಂದೇ ಒಕ್ಕಣೆ: ‘ಪ್ರಾಸ ನಿಂದು ಅಂತ ಗೊತ್ತು. ಆ ಮಾತು ಯಾರದು? ಉತ್ತರ ಬರೋವರೆಗೂ ಆ ಮನೆ ಮೆಟ್ಟಿಲು ಹತ್ತಲ್ಲ.’ ನೀನು ಹೊರಟ ದಿನ ಗೇಟಿನ ಹತ್ತಿರವೇ ಉತ್ತರ ಹೇಳಿದ್ದೆನಲ್ಲ, ‘ಎಲ್ಲರದೂ’ ಎಂದು. ಪುಸ್ತಕದಂಗಡಿಗೆ ನಾವು ಕೊಟ್ಟ ದೂರಿನ ಅರ್ಜಿಯ ಕೆಳಗೆ ಇದ್ದದ್ದು ನಲವತ್ತೊಂದು ಸಹಿ. ಅದನ್ನೇ ಮತ್ತೆ ಬರೆದರೆ ನೀನು ನಾಲ್ಕನೇ ಕಾರ್ಡು ಹಾಕುತ್ತೀಯ. ಆದ್ದರಿಂದ ಇವತ್ತು ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ. ಆ ಅರ್ಜಿ ಬರೀ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಲ್ಲ. ನಮಗೂ ಒಂದು ನೋವು ಇತ್ತು. ಅದನ್ನು ನೀನು ಒಂದು ದಿನವೂ ಕೂತು ಕೇಳಲಿಲ್ಲ.

ಆ ಪುಸ್ತಕದಂಗಡಿ ನಿನಗೆ ಕೆಲಸದ ಜಾಗ. ನನಗೆ, ಹೆಡ್‌ಮೇಷ್ಟ್ರಿಗೆ, ಗುಳಿಗೆ ಮಾವನಿಗೆ, ದರ್ಜಿ ಕತ್ತರಿ ಮಾಮನಿಗೆ ಅದು ಶನಿವಾರವೇ ಆಗಿತ್ತು. ಹಿರಿ ಮಾಲೀಕರ ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಎಡಗೈ ಚಾಚಿದರೆ ನಿಘಂಟು, ಬಲಗೈ ಚಾಚಿದರೆ ನೀತಿಕಥೆ. ಕಿಟಕಿಯ ಕೆಳಗೆ ಉದ್ದನೆಯ ಬೆಂಚು. ಅಲ್ಲಿ ಕೂತು ಒಂದು ಅಧ್ಯಾಯ ಓದಿ, ಎಲ್ಲಿಗೆ ನಿಲ್ಲಿಸಿದೆವೋ ಅಲ್ಲಿ ಕತ್ತರಿ ಮಾಮ ಕೊಟ್ಟ ದಾರದ ತುಂಡು ಇಟ್ಟು, ಪುಸ್ತಕವನ್ನು ಕಪಾಟಿಗೇ ಸೇರಿಸಿ ಬರುತ್ತಿದ್ದೆವು. ಮುಂದಿನ ಶನಿವಾರ ಮುಂದಿನ ಅಧ್ಯಾಯ. ಹಸಿರು ದಾರ ನನ್ನದು, ಕಪ್ಪು ದಾರ ಹೆಡ್‌ಮೇಷ್ಟ್ರದು. ಒಬ್ಬರ ದಾರವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಹಿರಿ ಮಾಲೀಕರು ನೋಡಿಯೂ ನೋಡದಂತೆ ಇರುತ್ತಿದ್ದರು. ಅಂಗಡಿ ನಡೆಯಬೇಕಲ್ಲ ಎಂಬ ಯೋಚನೆ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಬಂದಿರಲಿಲ್ಲ, ಒಪ್ಪುತ್ತೇನೆ.

ಆಮೇಲೆ ಮರಿ ಮಾಲೀಕ ಬಂದ. ‘ಇದು ಅಂಗಡಿ ಅಲ್ಲ ಸಾರ್, ಅನುಭವ’ ಎಂದ. ಅನುಭವವೂ ಆಯಿತು. ಮೊದಲು ಕಾಫಿ ಯಂತ್ರ ಬಂತು. ಉಬ್ಬಸ ಬಂದವರ ಹಾಗೆ ಅದು ಏದುಸಿರು ಬಿಟ್ಟಾಗಲೆಲ್ಲ ಗುಳಿಗೆ ಮಾವ ತಿರುಗಿ ನೋಡುತ್ತಿದ್ದರು, ಪಾಪ, ವೃತ್ತಿಯ ಅಭ್ಯಾಸ. ಆಮೇಲೆ ಪರಿಮಳದ ಮೇಣದಬತ್ತಿ, ಬೆಕ್ಕಿನ ಚಿತ್ರದ ಲೋಟ, ಗೂಬೆಯ ಚಿತ್ರದ ಕಾಲುಚೀಲ. ಮೂಗಿಗಿಂತ ಮೂಗುತಿ ಭಾರ. ಪುಸ್ತಕಗಳನ್ನು ರಟ್ಟಿನ ಬಣ್ಣ ನೋಡಿ ಜೋಡಿಸಿದರು. ಹೆಡ್‌ಮೇಷ್ಟ್ರು ಓದುತ್ತಿದ್ದ ಇತಿಹಾಸದ ಮೊದಲ ಸಂಪುಟ ಕೆಂಪು ಗೋಡೆಗೆ, ಎರಡನೆಯದು ನೀಲಿ ಗೋಡೆಗೆ. ‘ಯುದ್ಧ ಶುರುವಾಗಿದ್ದು ಈ ಕಡೆ, ಮುಗಿದಿದ್ದು ಆ ಕಡೆ. ಮಧ್ಯ ಕಾಫಿ ಕುಡೀಬೇಕು’ ಎಂದರು ಅವರು. ಕೌಂಟರಿನ ಹೊಸ ಹುಡುಗಿ ಅವರಿಗೆ ‘ಹಾಯ್’ ಎಂದಳು. ‘ನಲವತ್ತು ವರ್ಷ ನಮಸ್ಕಾರ ಹೇಳಿಸ್ಕೊಂಡೋನು ಕಣಯ್ಯ ನಾನು. ಈಗ ದನ ಅಟ್ಟೋ ಹಾಗೆ ಹಾಯ್ ಹಾಯ್ ಅಂತಾರೆ.’ ನಕ್ಕೆವು. ನಿಘಂಟು, ವ್ಯಾಕರಣ, ಧರ್ಮ, ನೀತಿ ಎಲ್ಲವನ್ನೂ ಮಹಡಿಗೆ ಸಾಗಿಸಿದಾಗ ಮಾತ್ರ ಯಾರೂ ನಗಲಿಲ್ಲ. ಹತ್ತೊಂಬತ್ತು ಕಡಿದಾದ ಮೆಟ್ಟಿಲು. ಹೆಡ್‌ಮೇಷ್ಟ್ರ ಮಂಡಿ ನಿನಗೆ ಗೊತ್ತಿತ್ತು. ಏಳನೇ ಮೆಟ್ಟಿಲಲ್ಲಿ ಕೂತು, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ, ‘ನೀತಿ ಅನ್ನೋದು ಇಷ್ಟು ಎತ್ತರದಲ್ಲಿದ್ರೆ ಯಾರಿಗ್ರೀ ಸಿಗತ್ತೆ?’ ಎಂದರು. ಆವತ್ತು ಅವರ ಕಣ್ಣಲ್ಲಿ ನೀರಿತ್ತು.

ಆ ಹೊತ್ತಿಗೆ ನೀನು ಮ್ಯಾನೇಜರ್ ಆಗಿದ್ದೆ. ನಾನು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೆ, ನನ್ನ ತಂಗಿ ಮ್ಯಾನೇಜರ್ ಎಂದು. ಬಾಗಿಲ ಬಳಿ ಆ ದುಂಡು ಮೇಜು ಹಾಕಿಸಿದವಳು ನೀನೇ. ಗಂಡನನ್ನು ಬಿಟ್ಟು ಬಂದವಳ ಕಥೆ, ಅರವತ್ತರಲ್ಲಿ ಮತ್ತೆ ಪ್ರೀತಿಸಿದವಳ ಕಥೆ, ಇಬ್ಬರು ಗಂಡಸರು ಹೂಡಿದ ಸಂಸಾರದ ಕಥೆ, ಅಪ್ಪನ ಮೇಲೆ ಮಗಳು ಬರೆದ ದೂರು. ಪ್ರತಿ ಪುಸ್ತಕದ ಮುಂದೆಯೂ ನಿನ್ನ ದುಂಡಕ್ಷರದ ಒಂದು ಚೀಟಿ. ಗುಳಿಗೆ ಮಾವನ ಮೊಮ್ಮಗಳು ಅದನ್ನು ಜೋರಾಗಿ ಓದಿ, ‘ತಾತಾ, ಅಪ್ಪಂದಿರ ಮೇಲೆ ದೂರು ಕೊಡೋಕೂ ಪುಸ್ತಕ ಇದ್ಯಾ?’ ಎಂದು ಕೇಳಿದಳಂತೆ. ಅವರು ಬಣ್ಣದ ಪೆನ್ಸಿಲು ಕೊಡಿಸಿ ಹೊರಗೆ ಕರೆತಂದರು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಆ ಮೇಜು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ. ಅಂಥ ಪುಸ್ತಕ ಇರಲೇಬಾರದು ಎಂದಲ್ಲ. ಒಳಗೆ ಒಂದು ಕಪಾಟಿನಲ್ಲಿ ಇರಲಿ, ಬೇಕಾದವರು ಹುಡುಕಿಕೊಳ್ಳಲಿ. ನಮ್ಮದನ್ನು ಅಟ್ಟಕ್ಕೇರಿಸಿ ಅದನ್ನು ಬಾಗಿಲಿಗೆ ತಂದಿರಲ್ಲ, ನಾವು ಸತ್ತೇ ಹೋದೆವು ಎಂಬ ಹಾಗೆ, ಅದು ಚುಚ್ಚಿತು. ಕೌಂಟರಿನಲ್ಲಿ ಮೂರು ಸಲ ಹೇಳಿದೆವು. ‘ಬರೆದು ಡಬ್ಬೀಲಿ ಹಾಕಿ ಸಾರ್’ ಎಂದರು. ಹೆಡ್‌ಮೇಷ್ಟ್ರು ನಾಲ್ಕು ಚೀಟಿ ಬರೆದು ಹಾಕಿದರು. ಆಮೇಲೆ ನೋಡಿದರೆ ಡಬ್ಬಿಯ ತಳದಲ್ಲಿ ಬೆಲೆಚೀಟಿ! ಅದೂ ಮಾರಾಟದ ಸಾಮಾನಂತೆ. ನಮ್ಮ ನಾಲ್ಕು ದೂರುಗಳ ಸಮೇತ ಯಾರೋ ಕೊಂಡುಹೋದರು.

ಮನೆಯಲ್ಲಿ ಊಟದ ಹೊತ್ತಿಗೆ ನಿನಗೂ ಹೇಳಿದೆ. ನೀನು ತಟ್ಟೆಯಿಂದ ತಲೆ ಎತ್ತದೆ, ‘ಅಣ್ಣಾ, ನಿಮ್ಮೋರು ಬೆಂಚ್ ಮೇಲೆ ಓದಿ ದಾರ ಇಟ್ಟು ಹೋಗ್ತಾರೆ. ಮೇಜಿನ ಹತ್ರ ಬರೋರು ಚೀಲ ತುಂಬ್ಕೊಂಡು ಹೋಗ್ತಾರೆ. ಅಂಗಡಿ ಯಾರಿಂದ ನಡೀಬೇಕು ನೀನೇ ಹೇಳು’ ಎಂದೆ. ನಿಜವೇ. ಆದರೆ ಅನ್ನದ ಜೊತೆ ನಿಜ ಕಲಸಿ ತಿಂದರೆ ಅರಗುವುದಿಲ್ಲ. ಮುಂದಿನ ವಾರ ನೀನು ಆ ಬೆಂಚನ್ನೂ ತೆಗೆಸಿದೆ. ನಮ್ಮ ದಾರಗಳನ್ನೆಲ್ಲ ಪುಸ್ತಕಗಳಿಂದ ಎಳೆದು, ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟೆ. ಕಸಕ್ಕೆ ಹಾಕಲಿಲ್ಲವಲ್ಲ ಎಂಬುದು ನಿನ್ನ ಲೆಕ್ಕದಲ್ಲಿ ಮರ್ಯಾದೆ. ಎಲ್ಲಿಗೆ ನಿಲ್ಲಿಸಿದ್ದೆವೋ ಅದು ಮಾತ್ರ ನಾಲ್ವರಿಗೂ ತಪ್ಪಿಹೋಯಿತು.

ಅರ್ಜಿ ಹುಟ್ಟಿದ್ದು ಕತ್ತರಿ ಮಾಮನ ಅಂಗಡಿಯಲ್ಲಿ, ತೋಳಿಲ್ಲದ ಕೋಟುಗಳ ನಡುವೆ. ಹೆಡ್‌ಮೇಷ್ಟ್ರು ತಟ್ಟೆಯೊಂದನ್ನು ಹಾಳೆಯ ಮೇಲೆ ಬೋರಲು ಹಾಕಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಸಹಿಗಳೆಲ್ಲ ಆ ಗೆರೆಯುದ್ದಕ್ಕೂ, ಗಡಿಯಾರದ ಅಂಕಿಗಳ ಹಾಗೆ. ಮೊದಲು ಯಾರು, ಕೊನೆಗೆ ಯಾರು ಎಂದು ಗೊತ್ತಾಗಬಾರದು. ಮಾಸ್ತರರ ಮುಷ್ಕರದ ಕಾಲದಲ್ಲಿ ಅವರು ಕಲಿತ ಉಪಾಯ. ಆ ದುಂಡನೆಯ ಗೆರೆಯೊಳಗೆ ನಲವತ್ತೊಂದು ಜನ ಅಡಗಿದೆವು. ಒಬ್ಬೊಬ್ಬರು ಒಂದೊಂದು ಹೇಳಿದರು, ನಾನು ಬರೆದೆ. ಮೆಟ್ಟಿಲ ವಿಷಯ ಹೆಡ್‌ಮೇಷ್ಟ್ರದು, ಅಂಗಡಿಯಲ್ಲಿ ಹಾಕುವ ಸಂಗೀತದ ಗಲಾಟೆ ಗುಳಿಗೆ ಮಾವನದು, ಕಾಲುಚೀಲ ಕತ್ತರಿ ಮಾಮನದು, ‘ನೂಲೂ ಕಳಪೆ’ ಎಂದು ಸೇರಿಸಿಯೇ ಹೇಳಿದರು. ಕೊನೆಯಲ್ಲಿ ಮೇಜಿನ ಬಗ್ಗೆ ಆ ಸಾಲು: ‘ಮನೆ ಮುರಿದವರ ಗೋಳು, ಮನೆಮಂದಿಯ ಕಣ್ಣಿಗೆ ಧೂಳು.’ ಪ್ರಾಸ ನನ್ನದೇ, ಅದಕ್ಕೆ ಸಾಕ್ಷಿ ಬೇಕಿಲ್ಲ. ಮನೆಯ ಕರೆಂಟು ಬಿಲ್ಲಿಗೂ ಪ್ರಾಸ ಕಟ್ಟುವವನು ನಾನು. ಅರ್ಜಿಯಲ್ಲಿದ್ದ ಉಳಿದ ಹನ್ನೆರಡು ಸಾಲು ಯಾರಿಗೂ ನೆನಪುಳಿಯಲಿಲ್ಲ. ಅದೊಂದು ಮಾತ್ರ ಬೀದಿಯಲ್ಲಿ ಕಾಲು ಮೂಡಿ ನಡೆಯಿತು. ನೀನು ಹಾದುಹೋಗುವಾಗ ಯಾರೋ ಹಿಂದಿನಿಂದ ಅಂದರಂತೆ. ನಿನ್ನ ಅತ್ತಿಗೆ ಹೇಳಿದಳು.

ಆಮೇಲಿನದು ನಿನಗೇ ಗೊತ್ತು. ಮರಿ ಮಾಲೀಕನಿಗೆ ಸಿದ್ಧಾಂತವೂ ಇಲ್ಲ, ಸಂಕೋಚವೂ ಇಲ್ಲ. ಮೇಜು ತೆಗೆಸಿದ, ನಿನ್ನನ್ನು ದೂರದ ಗೋದಾಮಿಗೆ ಹಾಕಿದ, ಅದಕ್ಕೆ ಬಡ್ತಿ ಎಂದು ಹೆಸರಿಟ್ಟ. ಆರು ವರ್ಷದ ಹಿಂದೆ ಎರಡು ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದವಳು ನೀನು, ಎರಡೇ ಪೆಟ್ಟಿಗೆ ಹಿಡಿದು ಹೊರಟೆ. ಗೇಟಿನ ಹತ್ತಿರ ನೀನು ಅಂದದ್ದು ನನಗೆ ಅಕ್ಷರಶಃ ನೆನಪಿದೆ. ‘ನನ್ನ ಮನೆ ಮುರಿದಾಗ ನಾನು ಯಾವ ಪುಸ್ತಕಾನೂ ಓದಿರ್ಲಿಲ್ಲ ಅಣ್ಣಾ. ಓದಿದ್ರೆ ಇನ್ನೂ ಬೇಗ ಬರ್ತಿದ್ದೆ.’ ನಾನು ಆಟೋದವನಿಗೆ ಪೆಟ್ಟಿಗೆ ಹುಷಾರು ಎಂದೆ.

ಈಗ ನಮ್ಮ ಗೆಲುವಿನ ವರದಿ ಕೇಳು. ಹೋದ ವಾರದ ಶನಿವಾರ ನಾಲ್ವರೂ ಹೋಗಿದ್ದೆವು. ಮೇಜಿದ್ದ ಜಾಗದಲ್ಲಿ ಫೋಟೋ ಚೌಕಟ್ಟುಗಳ ರಾಶಿ. ಒಂದೊಂದರಲ್ಲೂ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಎಲ್ಲರಿಗೂ ಬಿಳೀ ಹಲ್ಲು. ಮನೆ ಮುರಿಯದ ಮನೆಮಂದಿ ನಮ್ಮ ಊರಲ್ಲಿ ಸಿಗುವುದು ಅಲ್ಲೇ ಇರಬೇಕು, ಗಾಜಿನ ಹಿಂದೆ. ಮಹಡಿಯನ್ನು ವ್ಯಾಯಾಮದವರಿಗೆ ಕೊಟ್ಟಿದ್ದಾರೆ. ನಿಘಂಟು, ನೀತಿ ಎಲ್ಲ ಹಗ್ಗದಲ್ಲಿ ಕಟ್ಟಿಸಿಕೊಂಡು ಹಿತ್ತಿಲ ಬಾಗಿಲ ಬಳಿ ಬಿದ್ದಿದ್ದವು; ನೀನು ಕೂಡಿಸಿದ್ದ ಮೇಜಿನ ಪುಸ್ತಕಗಳೂ ಅವುಗಳ ಜೊತೆಯಲ್ಲೇ, ಒಂದೇ ಹಗ್ಗದಲ್ಲಿ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟೆವು ನೋಡು. ಹೆಡ್‌ಮೇಷ್ಟ್ರು ಸುತ್ತ ನೋಡಿ, ‘ನಾವು ಗೆದ್ವೇನಯ್ಯ?’ ಎಂದರು. ಕತ್ತರಿ ಮಾಮ ‘ಗೆದ್ದೋನು ಸೋತ, ಸೋತೋನು…’ ಎಂದು ಶುರುಮಾಡಿ, ನನ್ನ ಮುಖ ನೋಡಿ, ಗಾದೆಯನ್ನು ಅರ್ಧಕ್ಕೇ ಕತ್ತರಿಸಿದರು. ಹೊರಡುವಾಗ ಒಬ್ಬಳು ಹೆಂಗಸು, ಸುಮಾರು ನಿನ್ನದೇ ವಯಸ್ಸು, ಕೈಯಲ್ಲಿ ಮಡಿಚಿದ ಕೊಡೆ, ‘ಇಲ್ಲೊಬ್ಬರು ಚೀಟಿ ಬರೆದಿಡ್ತಿದ್ರಲ್ಲ, ಅವರೆಲ್ಲಿ?’ ಎಂದು ನನ್ನನ್ನೇ ಕೇಳಿದಳು. ನಾನು ಗೊತ್ತಿಲ್ಲ ಎಂದೆ. ಒಡಹುಟ್ಟಿದವಳ ಬಗ್ಗೆ ಗೊತ್ತಿಲ್ಲ ಎನ್ನುವುದು ಇಷ್ಟು ಸುಲಭ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನೇನು ಬರೆಯಲಿ. ನೀನಿದ್ದ ಮುಂದಿನ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ಚೋಟಿ ಅಲ್ಲೇ ಕೂತು ಶಾಲೆಯ ಲೆಕ್ಕ ಮಾಡುತ್ತಾಳೆ. ಊಟ ಬಿಡಬೇಡ, ಭಾರ ಎತ್ತಬೇಡ, ಮುಲಾಮು ಹಚ್ಚಿಕೋ. ನಿನ್ನ ಅತ್ತಿಗೆಯ ಅಕ್ಕರೆ, ಚೋಟಿಯ ಮುತ್ತು ಇದರ ಜೊತೆಗಿದೆ. ವಯಸ್ಸಿನಲ್ಲಿ ದೊಡ್ಡವನು ಎಂಬ ಒಂದೇ ಆಧಾರದ ಮೇಲೆ ಹರಸುತ್ತಿದ್ದೇನೆ, ಚೆನ್ನಾಗಿರು.

ಇಂತು,
ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಹರಿದೆ. ಮೂರು ಹಾಳೆ ತುಂಬಿಸಿದರೂ ನೀನು ಕೇಳಿದ್ದನ್ನು ಬರೆದಿಲ್ಲ. ಆವತ್ತು ಸಹಿಗೆ ಮೊದಲು ಹೆಡ್‌ಮೇಷ್ಟ್ರು ಕರಡು ಓದಿದರು. ಆ ಸಾಲಿನ ಮೇಲೆ ಬೆರಳಿಟ್ಟು, ‘ಇದು ಬೇಡ ಕಣಯ್ಯ, ಹೊಡೆದು ಹಾಕು. ನಿಮ್ಮನೇಲಿ ಆ ಮಗು ಇದೆ, ನಿನ್ನ ತಂಗಿ’ ಎಂದರು. ಗುಳಿಗೆ ಮಾವನೂ ಹೌದೆಂದರು. ಕೆಂಪು ಪೆನ್ನು ನನ್ನ ಜೇಬಿನಲ್ಲೇ ಇತ್ತು. ನಾನು ‘ಇರ್ಲಿ ಬಿಡಿ ಸಾರ್, ಅವಳಿಗೂ ತಟ್ಟಲಿ’ ಎಂದೆ. ಆ ಮಾತು ನನ್ನದು ತಂಗೀ, ನನ್ನೊಬ್ಬನದೇ. ಆರು ವರ್ಷ ನಿನ್ನೆದುರು ಕೂತು ಉಣ್ಣುವಾಗಲೆಲ್ಲ ಬಾಯಲ್ಲಿತ್ತು. ಪ್ರಾಸ ಆಮೇಲೆ ಬಂತು.